ಬೆಂಚು ವಾಪಸ್ ಕೇಳಿದ ತಂಗಿಗೆ

ದೊಡ್ಡಬಳ್ಳಾಪುರ
18–11–2024, ಕಾರ್ತಿಕ ಸೋಮವಾರ

ತಂಗಿ ಲಕ್ಕಮ್ಮನಿಗೆ ನಿನ್ನ ಅಕ್ಕ ಗಂಗಲಕ್ಷ್ಮಮ್ಮನ ಆಶೀರ್ವಾದ.

ನಾವು ಇಲ್ಲಿ ಚೆನ್ನಾಗಿದ್ದೇವೆ, ನೀವೂ ಅಲ್ಲಿ ಹಾಗೇ ಇರಿ. ನಿನ್ನ ಮಗ ವೇಣುಗೋಪಾಲ ಫೋನ್ ಮಾಡಿ ಉತ್ತರ ಕೇಳಿ ಆಗಲೇ ವಾರ ಕಳೆಯಿತು. ತಡವಾಯಿತು, ತಪ್ಪು ತಿಳಿಯಬೇಡ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಕಿವಿ ಹೀಗೆ. ನಾನು ಕೂಗಿದರೆ ಮಗ್ಗಗಳ ಸದ್ದನ್ನೂ ಮೀರಿ ಇಡೀ ಬೀದಿಗೆ ಕೇಳುತ್ತದೆ, ದಾಬಸ್‌ಪೇಟೆಯಲ್ಲಿ ಕೂತ ನಿನಗೊಬ್ಬಳಿಗೆ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಮೂರನೇ ಕ್ಲಾಸು, ನಿನ್ನದು ಏಳು. ನನ್ನ ಒತ್ತಕ್ಷರ ನೋಡಿ ನಗಬೇಡ. ಏಳು ಓದಿದವಳು ಇವತ್ತಿನವರೆಗೆ ಅಕ್ಕನಿಗೆ ಒಂದು ಕಾಗದ ಹಾಕಿಲ್ಲ ಅನ್ನುವುದನ್ನೂ ಇಲ್ಲೇ ಬರೆದುಬಿಡುತ್ತೇನೆ.

ನಿಮ್ಮ ಭಾವನ ಮಂಡಿನೋವು ಇದ್ದಂತೆಯೇ ಇದೆ. ಬಾಯಿ ಮಾತ್ರ ದಿನದಿನಕ್ಕೆ ಚುರುಕಾಗುತ್ತಿದೆ. ಮೊಮ್ಮಗಳು ಸಿಂಚನ ಕಾಲೇಜಿಗೆ ಹೋಗುತ್ತಾಳೆ, ಬಂದು ಫೋನು ನೋಡುತ್ತಾಳೆ. ಸಮಾಚಾರ ಇಷ್ಟೇ. ಇನ್ನು ಬೆಂಚಿನ ಮಾತು.

ಅವ್ವನ ಒರಗುಬೆಂಚನ್ನು ಯುಗಾದಿ ಕಳೆದ ಮೇಲೆ ಕಳಿಸಿದವಳು ನೀನೇ. ನಾನು ಕೇಳಿರಲಿಲ್ಲ. ನಿನ್ನ ಸೊಸೆ ರಂಜಿತ ಫೋನಿನಲ್ಲಿ ಏನೆಂದಳು ಗೊತ್ತೇ? “ಹೊಸ ಸೋಫಾ ಬಂತು ದೊಡ್ಡತ್ತೆ, ಇದು ಹಾಲಲ್ಲಿ ಸೂಟ್ ಆಗಲ್ಲ. ನಿಮಗೆ ಬೇಡ ಅಂದ್ರೆ ಒಲೆಗೆ ಹಾಕ್ಬಿಡ್ತೀವಿ.” ಅವ್ವನ ಬೆಂಚು ಒಲೆಗೆ! ನಾನು ಕಳಿಸು ಅಂದೆ. ಬಂದದ್ದು ನೋಡಿದರೆ ನಿಮ್ಮ ಗೇಟಿಗೆ ಬಳಿದು ಮಿಕ್ಕ ಹಸಿರು ಬಣ್ಣ, ಅದರಡಿಯಲ್ಲಿ ನೀಲಿ, ಅದರಡಿಯಲ್ಲಿ ಇಟ್ಟಿಗೆ ಕೆಂಪು. ಕಾಲಿಗೆ ಕೋಳಿ ಕಟ್ಟಿದ ಹಗ್ಗ ಹಾಗೇ ಇತ್ತು.

ನಿನ್ನ ಮದುವೆಯಲ್ಲಿ ಆ ಬೆಂಚು ಗಾಡಿಯಲ್ಲಿ ನಿನ್ನ ಹಿಂದೆಯೇ ಹೋಯಿತು. ನನ್ನ ಮದುವೆಯಲ್ಲಿ ನನ್ನ ಹಿಂದೆ ಬಂದದ್ದು ಒಂದು ತಾಮ್ರದ ಕೊಳದಪ್ಪಲೆ, ಜೊತೆಗೆ “ಹೊಂದ್ಕೊಂಡು ಹೋಗು” ಅನ್ನುವ ಮಾತು. ನಿನ್ನ ಮನೆಗೆ ಬಂದಾಗಲೆಲ್ಲ ನೀನು ಅದರ ಮೇಲೆ ಕಾಲು ಮಡಚಿ ಕೂತು ನನಗೆ ಚಾಪೆ ಹಾಕುತ್ತಿದ್ದೆ. ಸುಣ್ಣದ ಕಲ್ಲಿಗೆ ನೀರು ಹಾಕಿದ ಹಾಗೆ ನನ್ನ ಹೊಟ್ಟೆಯೊಳಗೆ ಕೊತಕೊತ ಅನ್ನುತ್ತಿತ್ತು. ನಿನಗೆ ಗೊತ್ತಾಗಿರಲಿಲ್ಲವೇ? ಗೊತ್ತಾಗಿತ್ತು ಅಂತಲೇ ನನ್ನ ನಂಬಿಕೆ.

ಬಣ್ಣ ತೆಗೆದು ಹಳೆಯ ಮರವನ್ನು ಹೊರಗೆ ತರಬೇಕು ಅನ್ನಿಸಿತು. ಈ ಕೆಲಸ ನಾನು ಹುಟ್ಟಿದಾಗಿನಿಂದ ಮಾಡಿದವಳಲ್ಲ.

“ಅಜ್ಜಿ, ಪೇಂಟ್ ತೆಗ್ಯೋಕೆ ಕೆಮಿಕಲ್ ಸಿಗುತ್ತೆ, ಆನ್‌ಲೈನ್‌ನಲ್ಲಿ ತರಿಸ್ಲಾ?” ಅಂದಳು ಸಿಂಚನ.

“ಹೋಗೇ, ರೇಷ್ಮೆ ಕುದ್ಸಿ ಅಂಟು ಬಿಡ್ಸಿದ ಕೈ ಇದು. ಮೂರು ಕೋಟು ಬಣ್ಣ ಬಿಡ್ಸಕ್ಕೆ ಬರಲ್ವಾ?”

ಇವರು ಜಗಲಿಯಿಂದಲೇ, “ಅದು ನೂಲಲ್ಲ ಕಣೇ, ಮರ,” ಅಂದರು. ಕೇಳಿದರೆ ತಾನೆ?

ಹಂಡೆಯ ನೀರಿಗೆ ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಿ, ಹಳೇ ಗೋಣಿ ಅದ್ದಿ ಬೆಂಚಿನ ಮೇಲೆ ಹೊದಿಸಿದೆ. ಹಸಿರು ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತು. ದೋಸೆ ಮಗುಚುವ ಸಟ್ಟುಗದಲ್ಲಿ ಕೆರೆದು ಕೆರೆದು ತೆಗೆದೆ. ಎಷ್ಟು ಹೆಮ್ಮೆ ಅಂತೀಯಾ! ಇನ್ನೂ ಬಿಡಲಿ ಅಂತ ಗೋಣಿ ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಬೆಂಚಿನ ಹಲಸಿನ ಮರ ಇದ್ದಿಲಿನಂತೆ ಕಪ್ಪಾಗಿ ಕೂತಿದೆ. ಸೋಡಾ ಬಿದ್ದರೆ ಮರ ಕಪ್ಪಾಗುತ್ತದೆ ಅಂತ ನೂಲು ಕುದಿಸುವವರಿಗೆ ಹೇಗೆ ಗೊತ್ತಾಗಬೇಕು?

ನಿಜ ಹೇಳಲೇ ಲಕ್ಕಮ್ಮ? ಮೊದಲು ಅಳು ಬರಲಿಲ್ಲ. ನಿನ್ನ ಬೆಂಚು ಹಾಳಾಯಿತಲ್ಲ ಅಂತ ಒಂದು ಗಳಿಗೆ ಹಿತವಾಯಿತು. ಆಮೇಲೆ ಅದು ಅವ್ವನದು ಅಂತ ನೆನಪಾಗಿ ಗೋಣಿ ಕಿತ್ತೆಸೆದು ನೀರು ಸುರಿಯತೊಡಗಿದೆ.

“ಹೇಳ್ದೆ, ಕೇಳಿದ್ಯಾ?” ಅಂದರು ಇವರು.

“ಹೇಳೋದೇ ನಿಮ್ ಕೆಲ್ಸ. ಎದ್ದು ಒಂದು ಬಕೆಟ್ ನೀರು ತಂದು ಕೊಟ್ಟೀರಾ?”

ನೂಲಿಗೆ ಬಣ್ಣ ಹಾಕುವ ಮನೆಯಲ್ಲಿ ಸೋಡಾ ಹೆಚ್ಚಾದರೆ ಹುಳಿನೀರಿನಲ್ಲಿ ಜಾಲಿಸುತ್ತಿದ್ದುದು ಹೊಳೆಯಿತು. ಮನೆಯಲ್ಲಿದ್ದ ಹುಣಸೆಹಣ್ಣನ್ನೆಲ್ಲ ಕಿವುಚಿ ಉಜ್ಜಿದೆ. ಸಾರಿಗೆ ಹುಳಿಯಿಲ್ಲ ಅಂತ ಮನೆಯವರೆಲ್ಲ ಮುಖ ಊದಿಸಿದರು. ಕಪ್ಪು ಅಲ್ಲಲ್ಲಿ ಕರಗಿತು, ಒಳಗಿನಿಂದ ಹಲಸಿನ ತೊಳೆಯ ಬಣ್ಣ ಇಣುಕಿತು. ಚೆನ್ನಾಗಿ ತೊಳೆದು ನೆರಳಲ್ಲಿ ಒಣಗಿಸಿ ಉಪ್ಪುಕಾಗದ ಹಿಡಿದು ಕೂತೆ. ಬೆರಳ ತುದಿಯ ಚರ್ಮ ಕಿತ್ತುಬಂತು.

“ಅಡ್ಡಡ್ಡ ಉಜ್ಬೇಡ್ವೇ, ಗೀರು ಬೀಳುತ್ತೆ. ಎಳೆ ಹೋದ ಕಡೆ ಉಜ್ಜು. ಇಷ್ಟು ವರ್ಷ ಸೀರೆ ನೇಯ್ದೋಳಿಗೆ ಎಳೆ ಕಾಣಲ್ವಾ?”

“ಎಳೆ ಕಾಣುತ್ತೆ. ಬಾಯಿ ಮುಚ್ಕೊಂಡಿರೋ ಗಂಡ ಎಲ್ಲವ್ನೆ ಅಂತ ಕಾಣಲ್ಲ.”

ಆದರೂ ಅವರು ಹೇಳಿದ್ದು ಸರಿಯೇ. ಮರಕ್ಕೂ ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಯ ಹಾಗೆ ಒಂದು ದಾರಿ ಇರುತ್ತದೆ. ಅದರ ಜೊತೆ ಹೋದರೆ ಮೈ ನುಣುಪಾಗುತ್ತದೆ, ಎದುರು ಹೋದರೆ ಮುನಿಯುತ್ತದೆ. ಕೊನೆಗೆ ಹೊಳಪು ಬರಲೆಂದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆ ಮಾಡಿ ಹಚ್ಚಿದೆ. ಮೋಡದ ದಿನ ಹಚ್ಚಿದ್ದಕ್ಕೆ ಕನ್ನಡಿಗೆ ಉಸಿರು ಬಿಟ್ಟಂತೆ ಬೆಳ್ಳಗಾಗಿಹೋಯಿತು. ಒರೆಸಿ ತೆಗೆದೆ. ಬಿಸಿಲು ಬರುವವರೆಗೆ ಕಾದು ಮತ್ತೆ ಹಚ್ಚಿದೆ. ಈಗ ಬೆಂಚು ಹೇಗಿದೆ ಅಂದರೆ, ಬೆಳಗಿನ ಬಿಸಿಲು ಬಾಗಿಲಲ್ಲಿ ಬಿದ್ದರೆ ಜೇನು ಸುರಿದ ಹಾಗೆ ಕಾಣುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಸೋಡಾದ ಕಪ್ಪು ಉಳಿದಿದೆ. ದೃಷ್ಟಿಬೊಟ್ಟು ಅಂದುಕೊಂಡಿದ್ದೇನೆ.

ಆ ದೃಷ್ಟಿ ಎಲ್ಲಿಂದ ಬಂತು ನೋಡು. ಸಿಂಚನ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದಳು. ಮರುದಿನವೇ ನಿನ್ನ ಸೊಸೆ, “ವಾವ್ ದೊಡ್ಡತ್ತೆ, ಆಂಟಿಕ್ ಪೀಸ್!” ಅಂತ ಬರೆದಳು. ಒಲೆಗೆ ಹೋಗಬೇಕಾದದ್ದು ಪಾಲಿಶ್ ಕಂಡ ಕೂಡಲೇ ಆಂಟಿಕ್ ಆಯಿತು. ಸಂಜೆ ವೇಣುವಿನ ಫೋನು.

“ದೊಡ್ಡಮ್ಮ, ಅಮ್ಮಂಗೆ ಬೆಂಚು ವಾಪಸ್ ಬೇಕಂತೆ. ಭಾನುವಾರ ಟೆಂಪೋ ಕಳಿಸ್ಲಾ?”

“ಯಾಕಪ್ಪಾ, ಸೋಫಾ ಚುಚ್ತಾ?”

“ಅಯ್ಯೋ ಹಂಗಲ್ಲ, ಅಜ್ಜಿ ನೆನಪು ಅಂತ ಅಳ್ತಾವ್ರೆ. ನಿಮಗೆ ಕೂರೋಕೆ ಫೈಬರ್ ಕುರ್ಚಿ ತಂದ್ಕೊಡ್ತೀನಿ ಬಿಡಿ.”

ಫೈಬರ್ ಕುರ್ಚಿ! ನಾನು ಅಮ್ಮನಿಗೆ ಬರೆಯುತ್ತೇನೆ ಅಂತ ಹೇಳಿ ಫೋನ್ ಇಟ್ಟೆ. ಇವರು, “ಕೊಟ್ಬಿಡೇ, ಈ ವಯಸ್ಸಲ್ಲಿ ತಂಗಿ ಮೇಲೆ ಹೊಟ್ಟೆಕಿಚ್ಚಾ?” ಅಂದರು. ವಯಸ್ಸಾದರೆ ಕೂದಲು ನರೆಯುತ್ತದೆ, ಹೊಟ್ಟೆಕಿಚ್ಚು ನರೆಯುವುದಿಲ್ಲ ಅಂದೆ. 

ಅವ್ವನ ನೆನಪು ನಿನ್ನೊಬ್ಬಳ ಸ್ವತ್ತಲ್ಲ ಲಕ್ಕಮ್ಮ. ನಿನಗೆ ಗಾಡಿ ಬಂತು, ಶಾಲೆ ಬಂತು, ಕೊನೆಗೆ ಅವ್ವನೇ ನಿನ್ನ ಮನೆಗೆ ಬಂದು ಇದ್ದಳು. ನನ್ನ ಪಾಲಿಗೆ ಒಲೆಯಿಂದ ತಪ್ಪಿಸಿದ ಈ ಒಂದು ಬೆಂಚು. ಅದನ್ನು ಕೊಡುವುದಿಲ್ಲ. ಇದೇ ಉತ್ತರ.

ವೇಣುವಿಗೂ ರಂಜಿತಳಿಗೂ ನನ್ನ ಆಶೀರ್ವಾದ, ಸೋಫಾದ ಮೇಲೆ ನೆಮ್ಮದಿಯಾಗಿ ಕೂತಿರಲಿ. ನೀನು ಕಿವಿಗೆ ಹಾಕುವ ಮಿಷನ್ ಒಂದು ಹಾಕಿಸಿಕೋ. ತಲೆಗೆ ತಣ್ಣೀರು ಹಾಕಿಕೊಳ್ಳಬೇಡ, ಚಳಿ ಶುರುವಾಗಿದೆ. ನೂರು ಕಾಲ ಬಾಳು.

ನಿನ್ನ ಅಕ್ಕ,
ಗಂಗಲಕ್ಷ್ಮಮ್ಮ

ಅಂಟಿಸುವ ಮುಂಚೆ ಇನ್ನೊಂದು ಮಾತು:

ಬಣ್ಣವೆಲ್ಲ ಹೋದ ಮೇಲೆ ಬೆಂಚಿನ ಎಡಗಡೆಯ ಕೈಹಿಡಿಯ ಮೇಲೆ ಒಂದು ತಗ್ಗು ಕಾಣಿಸಿತು. ಅವ್ವ ಕೈಯೂರಿ ಎದ್ದು ಎದ್ದು ಸವೆದ ಜಾಗ. ನನ್ನ ಅಂಗೈ ಸರಿಯಾಗಿ ಕೂರುತ್ತದೆ. ಅದನ್ನು ಉಜ್ಜಿ ಸಮ ಮಾಡಲಿಲ್ಲ.

ಅವ್ವ ಕಾಯಿಲೆಯಿಂದ ನಿನ್ನ ಮನೆಯಲ್ಲಿ ಮಲಗಿದಾಗ ನಾನು ಮಗ್ಗದ ಮೇಲೆ ಮದುವೆ ಸೀರೆ ಇದೆ, ಮುಗಿಸಿ ಬರುತ್ತೇನೆ ಅಂತ ಹೇಳಿ ಕಳಿಸಿದ್ದೆ. ಬರುವಷ್ಟರಲ್ಲಿ ಅವಳ ಮಾತು ನಿಂತಿತ್ತು. ಏನು ಉಂಡಳು, ಯಾವ ಔಷಧಿ ಕೊಟ್ಟಿರಿ, ಎಲ್ಲ ನಿನ್ನನ್ನು ಕೇಳಿದ್ದೇನೆ. ಇದೊಂದನ್ನು ಕೇಳಲು ಇಷ್ಟು ವರ್ಷವೂ ಧೈರ್ಯ ಬರಲಿಲ್ಲ. ಮಾತು ಇದ್ದಾಗ ಅವ್ವ “ಗಂಗಾ ಬಂದ್ಲಾ?” ಅಂತ ಕೇಳಿದಳಾ?

ಒಂದು ಸಲವಾದರೂ ಕೇಳಿದ್ದರೆ ಬರೆದು ಕಳಿಸು. ಆಮೇಲೆ ನಿನ್ನ ಮಗ ಪೊಲೀಸರನ್ನು ಕರೆದುಕೊಂಡು ಬಂದರೂ ಬೆಂಚು ಈ ಹೊಸಲು ದಾಟುವುದಿಲ್ಲ. ಕೇಳಿರದಿದ್ದರೆ ಏನೂ ಬರೆಯಬೇಡ. ಬರುವ ಭಾನುವಾರ ಟೆಂಪೋ ಕಳಿಸು, ನಾನೇ ಒಂದು ಕಡೆ ಹಿಡಿದು ಹತ್ತಿಸುತ್ತೇನೆ.