ಕಿಟಕಿಯ ಬಾಟಲಿ ಅಲ್ಲಾಡಿಸಬೇಡ

ಅಣ್ಣಾ,

ಅಡುಗೆಮನೆ ಕಿಟಕಿಯಲ್ಲಿ ಗಾಜಿನ ಬಾಟಲಿ ಇದೆ. ಅಲ್ಲಾಡಿಸದೆ, ಕಣ್ಬಿಟ್ಟು ನೋಡು. ಶಾಲೆಯ ಗೋಡೆಗೆಂದು ನೀನು ನಿನ್ನೆ ಇಳಿಸಿದ ಮರಳು ಅದರಲ್ಲಿದೆ. ನೀರು, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಸಂಜೆಯೇ ಇಟ್ಟಿದ್ದೆ. ಈಗ ಕೆಳಗೆ ನಾಲ್ಕು ಬೆರಳು ಮರಳು, ಅದರ ಮೇಲೆ ಒಂದು ಬೆರಳು ಕೆಸರು! ಇಷ್ಟು ಕೆಸರಿದ್ದರೆ ಗಾರೆ ಗೋಡೆಗೆ ಹಿಡಿಯುವುದಿಲ್ಲ.

"ಗಾರೆಯವಳು ಗಾರೆ ಹಚ್ಚಿದ್ರೆ ಸಾಕು, ಮರಳಿನ ಉಸಾಬರಿ ನಿನಗ್ಯಾಕೆ?" ಅಂದೆಯಲ್ಲ, ಕೆಲಸದವರೆಲ್ಲರ ಎದುರಿಗೆ. ಗಾರೆ ಉದುರಿದರೆ ಜನ ಬೈಯುವುದು ನನ್ನ ಕೈಯನ್ನು, ನಿನ್ನ ಲಾರಿಯನ್ನಲ್ಲ.

ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೋ. ನನ್ನ ಮೇಲಿನ ಸಿಟ್ಟಿನಲ್ಲಿ ಮಾತ್ರೆ ಮರೆಯಬೇಡ.

ಆ ಮರಳು ವಾಪಸ್ ಹೋಗುವವರೆಗೆ ಗಾರೆ ಹಚ್ಚುವ ನನ್ನ ಕರಣೆ ಚೀಲದಿಂದ ಹೊರಗೆ ಬರುವುದಿಲ್ಲ. ಲಾರಿಯವನಿಗೆ ಅದನ್ನೇ ಹೇಳಲು ಹೊರಟಿದ್ದೇನೆ. ಬೇರೆ ಗಾರೆಯವರನ್ನು ಕರೆಸುತ್ತೀಯಾ? ಧಾರಾಳವಾಗಿ ಕರೆಸು. ಅವರಿಗೂ ಬಾಟಲಿ ತೋರಿಸುತ್ತೇನೆ.

ಇದನ್ನೆಲ್ಲ ನನ್ನ ತಲೆಗೆ ಯಾರು ತುಂಬಿದರು ಅಂತ ಮಾತ್ರ ಕೇಳಬೇಡ. ಆಗೆಲ್ಲ ನೀನಿನ್ನೂ ಕಂಟ್ರಾಕ್ಟರ್ ಆಗಿರಲಿಲ್ಲ, ನನ್ನ ಪಕ್ಕದಲ್ಲೇ ನಿಂತು ಗಾರೆ ಹಚ್ಚುತ್ತಿದ್ದೆ. ಇದೇ ಕಿಟಕಿಯಲ್ಲಿ, ಇದೇ ಬಾಟಲಿ ಇಟ್ಟು ಕಲಿಸಿದವನು ನೀನೇ.

ತಂಗಿ