ಹದಿನಾಲ್ಕರ ಎವರೇಜ್

ಚಿದ್ರಿ, ಅಕ್ಟೋಬರ್ ೧೯, ಶನಿವಾರ

ನನ್ನ ಪಿಕಪ್ ಕೊಳ್ಳಲು ಬಂದ ಔರಾದಿನ ವಿಶ್ವಾಸ ಮೊದಲು ಕೇಳಿದ್ದು, "ಎವರೇಜ್ ಎಷ್ಟ ಕೊಡ್ತದ್ರಿ?" ಯಾರು ಕೇಳಿದರೂ ಹೇಳುವಂತೆ ಹದಿನಾಲ್ಕು ಅಂದೆ. ಹೊಲದಿಂದ ಹೊಲಕ್ಕೆ ಕಾಳು ಒಕ್ಕುವ ರಾಶಿ ಮಷೀನು ಎಳೆಯಲು ಗಾಡಿ ಬೇಕಂತೆ ಅವನಿಗೆ. ನಾನೂ ಐದು ವರ್ಷ ಅದನ್ನೇ ಎಳೆದವನು. ಭಾಲ್ಕಿ ದಾರಿಯಲ್ಲಿ ಲೀಟರಿಗೆ ಎಂಟು ಕಿಲೋಮೀಟರ್ ದಾಟಿದ್ದೇ ಇಲ್ಲ. ಸುಳ್ಳು ಹೇಳುವ ಮನಸ್ಸಿರಲಿಲ್ಲ, ಆದರೂ ಹೇಳಿಬಿಟ್ಟೆ. ಅವನು ಹೋದ ಮೇಲೆ ಮನೆಯಲ್ಲಿ ಕೇಳಿದೆ: ಹಾಗಾದರೆ ಈ ಹದಿನಾಲ್ಕು ಎಲ್ಲಿಂದ ಬಂತು?

"ಗಾಡಿ ಹೊಸದಿತ್ತು, ನಾವಿಬ್ಬರೇ ಅಷ್ಟೂರ ಗುಮ್ಮಟ ನೋಡಲಾಕ ಹೋಗಿದ್ದೆವಲ್ರಿ, ಆವತ್ತಿಂದು," ಅಂದಳು ಹೆಂಡತಿ ಉಜ್ವಲಾ.

ಒಂದೇ ದಿನದ ಮಾತು. ಐದು ವರ್ಷ ಅದನ್ನೇ ಹೇಳಿಕೊಂಡು ತಿರುಗಿದ್ದೇನೆ.

ವಿಶ್ವಾಸನಿಗೆ ಫೋನ್ ಮಾಡಿ ಎಂಟು ಎಂದೆ.

"ಮತ್ತ ಹದಿನಾಲ್ಕು?"

"ಅದು ಬೇಕಂದ್ರ ಮಷೀನು ಬಿಚ್ಚಿಟ್ಟು, ಮನಿಯಾಕಿನ್ನ ಕೂಡಿಸ್ಕೊಂಡು ಹೋಗ್ರಿ."