ಸೊನ್ನೆ ಬರೆಸದ ಮಾಳಪ್ಪ

॥ ಶ್ರೀ ॥

ಹಾನಗಲ್
೧೪-೬-೧೯೮೭, ರವಿವಾರ

ಪ್ರೀತಿಯ ಗಂಗಕ್ಕನಿಗೆ ಶಾಮಲಾಳ ನಮಸ್ಕಾರಗಳು.

ಇಲ್ಲಿ ಅಪ್ಪ, ನಾನು ಆರಾಮ. ಸವಣೂರಿನಲ್ಲಿ ನೀನು, ಭಾವನವರು, ಮಕ್ಕಳು ಸುಖವಾಗಿದ್ದೀರೆಂದು ತಿಳಿದಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಬರೆಯಬೇಕೆಂದು ಕೂಡುವುದು, ಏಳುವುದು, ಇದೇ ಆಯಿತು.

ಮೊದಲು ಮನೆಯ ಸುದ್ದಿ. ಹಿರೇಕೆರೂರಿನವರು ನನ್ನ ಸಲುವಾಗಿ ಮತ್ತೆ ಹೇಳಿಕಳಿಸಿದ್ದರು. ಅಪ್ಪ ಎಂದಿನಂತೆ ಸ್ವಲ್ಪ ತಡೆಯಿರಿ ಎಂದರು. ಭಾವನವರ ಸೋದರತ್ತೆಯ ಮಗ ಅನಂತ ಶಿಗ್ಗಾವಿಯಿಂದ ಬಂದು ನನ್ನನ್ನು ನೋಡಿಹೋಗಿ ವರ್ಷವಾಗುತ್ತ ಬಂತು. ಅವರು 'ತಿಳಸ್ತೇವಿ' ಎಂದು ಎದ್ದವರು ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಕಾದು ಬೇಸತ್ತು ಹಿರೇಕೆರೂರಿನವರು ಈಗ ಬೇರೆ ಕಡೆ ಹೆಣ್ಣು ನಿಶ್ಚಯ ಮಾಡಿದರಂತೆ. ನನಗೆ ಮೂವತ್ತು ಹತ್ತಿರ ಬಂತಕ್ಕಾ. ಅಪ್ಪ ಮಾತ್ರ ಶಿಗ್ಗಾವಿಯ ದಾರಿ ಕಾಯುವುದನ್ನು ಬಿಟ್ಟಿಲ್ಲ.

ಇನ್ನು ನನ್ನ ಆಫೀಸಿನ ರಾಮಾಯಣ ಕೇಳು. ಭತ್ತದ ಸೊಸೈಟಿಯ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವವಳು ನನ್ನ ತಂಗಿ ಎಂದು ನೀನು ಸವಣೂರ ತುಂಬ ಹೇಳಿಕೊಂಡು ತಿರುಗುತ್ತೀಯಲ್ಲ, ಆ ಜಂಬವೆಲ್ಲ ಕಳೆದ ಸೋಮವಾರ ಇಳಿಯಿತು. ಅಂದು ಬಿತ್ತನೆ ಭತ್ತ ಹಂಚುವ ದಿನ. ತಿಳವಳ್ಳಿ ಕಡೆಯ ರೈತರು ಬಾಗಿಲಲ್ಲಿ ಕಿಕ್ಕಿರಿದಿದ್ದರು. ಯಂತ್ರಕ್ಕೆ ನಾನು ಬರೆದುಕೊಟ್ಟದ್ದು ಇಷ್ಟೇ: ಒಬ್ಬೊಬ್ಬರ ಹೆಸರಿಗೂ ಚೀಟಿ ಮುದ್ರಿಸು, ಅವರ ಪಾಲಿನ ಚೀಲ ಕಳೆ, ಗೋದಾಮಿನಲ್ಲಿ ಉಳಿದದ್ದು ಸೊನ್ನೆ ಆಗುವವರೆಗೂ ಹೀಗೇ ಮಾಡುತ್ತಿರು. ಇದ್ದಷ್ಟು ಚೀಲವನ್ನೂ ಪಟ್ಟಿಯಲ್ಲಿ ಮೊದಲೇ ಹಂಚಿ ಹಾಕಿದ್ದೆವು, ಕೊನೆಯ ಹೆಸರಿಗೆ ಸೊನ್ನೆ ಬರಲೇಬೇಕಿತ್ತು.

ಕೊನೆಯ ಹೆಸರು ತಿಪ್ಪವ್ವ ಎಂಬ ಮುದುಕಿಯದು. ಅವಳ ಚೀಟಿ ಬಂತು. ಹರಿದು ಕೊಟ್ಟೆ. ಇನ್ನೊಂದು ಬಂತು, ಅದೇ ಹೆಸರು. ಮತ್ತೊಂದು, ಮಗದೊಂದು. ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದೆ, ಯಂತ್ರಕ್ಕೆ ನನ್ನ ಪರಿವೆಯೇ ಇಲ್ಲ. ಕಾಗದ ಮೇಜಿನಿಂದ ಇಳಿದು ಮಂದಿಯ ಕಾಲಡಿಗೆ ಹರಿಯಿತು, ಅದರ ತುಂಬ ತಿಪ್ಪವ್ವ, ತಿಪ್ಪವ್ವ. ಯಾರೋ ಅವಳಿಗೆ ಓದಿ ಹೇಳಿದರು. ಮುದುಕಿಯ ಮುಖ ಬಿಳಿಚಿಹೋಯಿತು.

"ಯವ್ವಾ, ನನ್ನ ಹೆಸರಾ ಯಾಕ ಹಿಡದೈತಿ ಅದು? ಎಲ್ಲಿಗೆ ಕರಿಯಾಕತ್ತೈತಿ?" ಎಂದಳು.

ಗೋಡೆಯ ಪ್ಲಗ್ಗು ಕಿತ್ತೆ.

ಆದದ್ದೇನೆಂದರೆ, ಬೆಳಿಗ್ಗೆ ಗೋದಾಮಿನ ಮಾಳಪ್ಪ ನನಗೆ ಚೀಲದ ಲೆಕ್ಕ ಹೇಳುವಾಗ ಇಲ್ಲದ ಒಂದು ಚೀಲವನ್ನು ಸೇರಿಸಿ ಹೇಳಿದ್ದ. ಎಲ್ಲರ ಪಾಲು ಕಳೆದರೂ ಆ ಒಂದು ಉಳಿಯಿತು. ತಿಪ್ಪವ್ವನ ಮುಂದೆ ಹೆಸರಿಲ್ಲ, ಅವಳ ಪಾಲಿನಲ್ಲಿ ಕಳೆಯಲು ಏನೂ ಉಳಿದಿಲ್ಲ, ಸೊನ್ನೆ ಬರುವಂತಿಲ್ಲ, ಯಂತ್ರಕ್ಕೆ ನಿಲ್ಲುವುದು ಗೊತ್ತಿಲ್ಲ. ಯಾಕೆ ಹೀಗೆ ಮಾಡಿದೆಯಪ್ಪಾ ಎಂದು ಕೇಳಿದರೆ ಅವನಿಗೇ ನನ್ನ ಮೇಲೆ ಬೇಜಾರು.

"ಕಾಳಿನ ಮುಂದ ಕಡೀಕ ಸೊನ್ನಿ ಹೆಂಗ ಬರಸ್ಲಿರಿ ಬಾಯಾರ? ತೀರಿತು ಅನಬಾರದ್ರಿ, ಹೆಚ್ಚಾತು ಅನಬೇಕು. ಅದಕ್ಕ ಲಕ್ಷ್ಮಿ ಹೆಸರೀಲೆ ಒಂದು ಹೆಚ್ಚಿಗಿ ಹೇಳೇನ್ರಿ."

ಬೈಯಲು ಬಾಯಿ ಬರಲಿಲ್ಲ. ಬಳೆ ಒಡೆದರೆ ಹೆಚ್ಚಾಯಿತು ಎನ್ನುವವರು, ದೀಪ ಆರಿಸುವಾಗ ದೊಡ್ಡದು ಮಾಡು ಎನ್ನುವವರು ನಾವೂ ಅಲ್ಲವೇ? ತಪ್ಪು ನನ್ನದೇ. ನೀವು ಕಾಯುವುದು ಬಾರದೇ ಹೋದರೂ ಹೊರಬೀಳಲು ಇನ್ನೊಂದು ಬಾಗಿಲು ಇಡಿರಿ ಎಂದು ಹುಬ್ಬಳ್ಳಿಯಲ್ಲಿ ಕಂಪ್ಯೂಟರು ಕಲಿಸಿದವರು ಬಡಕೊಂಡಿದ್ದರು. ಮರುದಿನ ಕುಳಿತು, ಹೆಸರು ತೀರಿದರೆ ಲೆಕ್ಕ ಏನೇ ಇರಲಿ ನಿಲ್ಲು ಎಂದು ಒಂದು ಸಾಲು ಸೇರಿಸಿದೆ. ಬೇಕೆಂದೇ ಸುಳ್ಳು ಲೆಕ್ಕ ಕೊಟ್ಟು ನೋಡಿದೆ, ನಿಂತಿತು. ತಿಪ್ಪವ್ವ ಮಾತ್ರ ಇನ್ನೂ ನನ್ನ ಕೋಣೆಯ ಹೊಸ್ತಿಲು ತುಳಿಯುತ್ತಿಲ್ಲ.

ಭಾವನವರಿಗೆ ನಮಸ್ಕಾರ ಹೇಳು. ಮಕ್ಕಳು ಚೆನ್ನಾಗಿ ಓದಲಿ, ದೊಡ್ಡವರಾಗಲಿ, ಅವರಿಗೆ ನನ್ನ ಆಶೀರ್ವಾದ.

ನಿನ್ನ ತಂಗಿ,
ಶಾಮಲಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಶುಕ್ರವಾರ ಮಠದಲ್ಲಿ ಮದುವೆ ಅಡಿಗೆಯ ರಾಘಣ್ಣ ಸಿಕ್ಕಿದ್ದರು. ನನ್ನ ಸಂಗತಿ ಅವರಿಗೇನು ಗೊತ್ತು ಪಾಪ, ಸಂತೋಷದಿಂದಲೇ ಹೇಳಿದರು: "ಹೋದ ತಿಂಗಳ ಶಿಗ್ಗಾವ್ಯಾಗ ಅನಂತನ ಮದವಿ ಛಲೋ ಆತವಾ. ನಿಮ್ಮ ಗಂಗಕ್ಕ ಆರತಿ ಮಾಡಿದ್ಲು, ಏನ್ ಛಂದ ಹಾಡಿದ್ಲು ಅಂತಿ." ಭಾವನವರ ಮನೆಯ ಮದುವೆ, ನೀನು ಹೋಗದೆ ಇರಲಾಗದು, ಅದಕ್ಕೆ ನನ್ನ ಸಿಟ್ಟಿಲ್ಲ. ಅನಂತನನ್ನು ನಾನು ನೋಡಿದ್ದು ಒಂದೇ ಸಲ, ಅವನ ಮುಖವೂ ಸರಿಯಾಗಿ ನೆನಪಿಲ್ಲ. ಆದರೆ ಆರತಿ ಮಾಡಿ ಮನೆಗೆ ಬಂದ ಮೇಲೆ ನೀನು ಅಪ್ಪನಿಗೆ, ಶಿಗ್ಗಾವಿಯವರು ಇನ್ನೂ ಏನೂ ತಿಳಿಸಿಲ್ಲ ಎಂದು ಬರೆದೆಯಲ್ಲ. ನನ್ನ ಮನಸ್ಸು ನೋಯಬಾರದೆಂದೇ ಬರೆದಿರಬೇಕು. ಆ ಮಾತು ನಂಬಿಯೇ ಅಪ್ಪ ಹಿರೇಕೆರೂರಿನವರನ್ನು ತಡೆದದ್ದು. ಅಪ್ಪನಿಗೆ ನಾನಿನ್ನೂ ಹೇಳಿಲ್ಲ, ಹೇಳಬೇಕಾದವಳು ನೀನು. ಇವತ್ತು ಬೆಳಿಗ್ಗೆಯೂ ಸಂಧ್ಯಾವಂದನೆ ಮುಗಿಸಿ ಬಂದು, "ಗಂಗಾ ಬರದಾಳಲ್ಲ, ಇನ್ನೊಂದಿಷ್ಟು ತಡಿಯೂಣು" ಎಂದರು.